ತಾಯಿ ಮಾಡದ ಕೆಲಸ ಮಗಳಿಗೆ ಬಂದದ್ದೆಲ್ಲಿಂದ?

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಜೇನುಪೆಟ್ಟಿಗೆಯ ಮುಂದೆ ನಿಂತು ಹೇಳುವ ಹಾಗಿಲ್ಲ. ಒಳಗಿರುವ ತಾಯಿ ಒಬ್ಬಳೇ, ರಾಣಿ. ಅವಳು ಪರಾಗ ಹೊತ್ತವಳಲ್ಲ, ಮೇಣ ಸುರಿಸಿದವಳಲ್ಲ, ಮರಿಗೆ ಉಣಿಸಿದವಳಲ್ಲ, ಸತ್ತ ಮರಿಯನ್ನು ಎಳೆದು ಹೊರಗೆ ಹಾಕಿದವಳೂ ಅಲ್ಲ. ಪರಾಗ ತುಂಬಿಕೊಳ್ಳುವ ಬುಟ್ಟಿಯೇ ಅವಳ ಹಿಂಗಾಲಿನಲ್ಲಿಲ್ಲ. ಅಪ್ಪನ ಕಥೆ ಇನ್ನೂ ಚಿಕ್ಕದು. ಗಂಡುನೊಣ ಗೂಡಿನ ಜೇನು ಕುಡಿದು ಬೆಳೆದು, ಹಗಲಿನಲ್ಲಿ ಹಾರಿ ಹೋಗಿ, ಆಕಾಶದಲ್ಲಿ ರಾಣಿಯನ್ನು ಕೂಡಿದ ಗಳಿಗೆಯಲ್ಲೇ ಸಾಯುತ್ತದೆ. ಇಂಥ ಅಪ್ಪ ಅಮ್ಮಂದಿರ ಹೆಣ್ಣುಮಕ್ಕಳು, ಅಂದರೆ ಕೆಲಸಗಾರ ನೊಣಗಳು, ಈ ಎಲ್ಲ ಕೆಲಸವನ್ನೂ ಮಾಡುತ್ತವೆ, ಹೆಚ್ಚಿನದನ್ನು ಯಾರೂ ಹೇಳಿಕೊಡದೆಯೇ. ಅಷ್ಟು ಮಾಡಿಯೂ ಅವುಗಳಿಗೆ ಸಾಮಾನ್ಯವಾಗಿ ಮಕ್ಕಳಾಗುವುದಿಲ್ಲ. ಯಾವುದೋ ಒಂದು ಕೆಲಸಗಾರ ನೊಣ ಗೂಡು ಸ್ವಚ್ಛ ಮಾಡುವುದರಲ್ಲಿ ಎತ್ತಿದ ಕೈ ಎಂದಿಟ್ಟುಕೊಳ್ಳಿ. ಆ ಜಾಣ್ಮೆ ಅದರೊಂದಿಗೇ ಆರೇಳು ವಾರದಲ್ಲಿ ಸತ್ತುಹೋಗಬೇಕು. ಹೋಗಿಲ್ಲ ಅನ್ನುವುದೇ ಸೋಜಿಗ.

"ಅದು ಅವನ ಡಿಎನ್‌ಎಯಲ್ಲೇ ಇದೆ ಬಿಡಿ" ಎಂದು ಈಗ ಎಲ್ಲರೂ ಹೇಳುತ್ತಾರೆ. ಹಿಂದೆ "ರಕ್ತದಲ್ಲೇ ಬಂದದ್ದು" ಎನ್ನುತ್ತಿದ್ದೆವು, ಪದ ಬದಲಾಯಿತು, ಅರ್ಥ ಬದಲಾಗಲಿಲ್ಲ. ಒಂದು ನಡವಳಿಕೆ ಜೀನಿನಲ್ಲಿದೆ ಎಂದರೆ ನಿಜಕ್ಕೂ ಎಲ್ಲಿದೆ, ಯಾವ ರೂಪದಲ್ಲಿದೆ, ಮಾಡದವರ ಮೂಲಕ ಮಾಡುವವರಿಗೆ ಹೇಗೆ ದಾಟುತ್ತದೆ ಎಂದು ಕೇಳಹೊರಟರೆ ಜೇನಿನಷ್ಟು ನೇರವಾಗಿ ಉತ್ತರ ಕೊಡುವ ಪ್ರಾಣಿ ಕಡಿಮೆ. ಜೇನು, ಜೀನು ಎರಡೂ ಕನ್ನಡದ ಕಿವಿಗೆ ಒಂದೇ ಮನೆಯವರಂತೆ ಕೇಳಿಸುವುದು ಬರಿಯ ಆಕಸ್ಮಿಕ, ಆದರೆ ಅನುಕೂಲದ ಆಕಸ್ಮಿಕ.

ಬಂಜೆ ಕೀಟಗಳ ಈ ತೊಡಕು ಮೊದಮೊದಲು ತನ್ನ ಸಿದ್ಧಾಂತವನ್ನೇ ಮುಗಿಸಿಬಿಡುವಂತೆ ಕಂಡಿತ್ತು ಎಂದು 1859ರಲ್ಲಿ ಡಾರ್ವಿನ್ ಬರೆದುಕೊಂಡರು. ಜೀನಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅವರು ಕಂಡುಕೊಂಡ ಪರಿಹಾರ ತರಕಾರಿ ಬೆಳೆಯುವವರ ಪರಿಹಾರ. ರುಚಿಯಾದ ತರಕಾರಿಯನ್ನು ಬೇಯಿಸಿ ತಿಂದಾಯಿತು, ಆ ಗಿಡಕ್ಕೆ ಮುಂದೆ ಸಂತಾನವಿಲ್ಲ. ಆದರೆ ತೋಟದವನು ಅದೇ ತಳಿಯ ಬೀಜವನ್ನು ಮತ್ತೆ ಬಿತ್ತುತ್ತಾನೆ, ಅದೇ ರುಚಿ ಮತ್ತೆ ಬರುತ್ತದೆ. ಆಯ್ಕೆ ಬೀಳುವುದು ಗಿಡದ ಮೇಲಲ್ಲ, ಕುಟುಂಬದ ಮೇಲೆ. ಕೆಲಸಗಾರ ನೊಣದ ಗುಣ ಕೆಲಸಗಾರ ನೊಣದಿಂದ ದಾಟಬೇಕಿಲ್ಲ. ಆ ಗುಣದಿಂದ ಕುಟುಂಬ ಬದುಕಿ ಪಾಲಾದರೆ (ಹಿಂಡೊಡೆದು ಎರಡು ಗೂಡಾದರೆ), ಅದೇ ಜೀನುಗಳನ್ನು ಮೌನವಾಗಿ ಹೊತ್ತ ಹೊಸ ರಾಣಿ, ಹೊಸ ಗಂಡುಗಳು ಹೊರಗೆ ಹಾರುತ್ತವೆ. ಇಷ್ಟು ಸರಿ. ಲೆಕ್ಕ ಹಾಕಲು ಹೊರಟಾಗ ಮಾತ್ರ ಇದು ಬೇರೆಯೇ ಆಟ ಆಡುತ್ತದೆ.

ಅಪ್ಪನಿಲ್ಲದ ಮಗ

ಗಂಡುನೊಣಕ್ಕೆ ಅಪ್ಪನಿಲ್ಲ ಎಂಬುದನ್ನು ಸೈಲೀಷಿಯಾದ ಪಾದ್ರಿ ಯೋಹಾನ್ ಜೀರ್ಜೋನ್ 1845ರಲ್ಲಿ ಹೇಳಿದರು. ರಾಣಿ ಮೊಟ್ಟೆಗೆ ವೀರ್ಯ ಸೋಕಿಸಿ ಇಟ್ಟರೆ ಹೆಣ್ಣು, ಸೋಕಿಸದೆ ಇಟ್ಟರೆ ಗಂಡು. ಹೆಣ್ಣಿಗೆ 32 ವರ್ಣತಂತುಗಳು, ಗಂಡಿಗೆ ತಾಯಿಯಿಂದ ಬಂದ 16 ಮಾತ್ರ. ಇದರಿಂದ ಹುಟ್ಟುವ ಎರಡು ಪರಿಣಾಮಗಳನ್ನು ಮುಂದಿನ ಮಾತಿಗಾಗಿ ಕೈಯಲ್ಲಿಟ್ಟುಕೊಳ್ಳಬೇಕು. ಗಂಡಿಗೆ ಪ್ರತಿ ಜೀನಿನ ಒಂದೇ ಪ್ರತಿ ಇರುವುದರಿಂದ ಅದರ ಕೋಟಿಗಟ್ಟಲೆ ವೀರ್ಯಾಣುಗಳೆಲ್ಲ ಒಂದೇ ಅಚ್ಚಿನವು. ಹಾಗೆಯೇ ಗಂಡು ಎಂದರೆ ರಾಣಿಯ ಮೊಟ್ಟೆಯೊಂದು ರೆಕ್ಕೆ ಕಟ್ಟಿಕೊಂಡು ಹಾರಾಡಿದಂತೆ: ತಾಯಿಯ ಜೀನುಗಳು ಇಸ್ಪೀಟು ಎಲೆಯ ಹಾಗೆ ಕಲಸಿ ಹಂಚಿದ ಒಂದು ಕೈ.

ಗಂಡು ಹೆಣ್ಣನ್ನು ತೀರ್ಮಾನಿಸುವ ಜೀನು ಸಿಕ್ಕಿದ್ದು 2003ರಲ್ಲಿ. ಸಿಎಸ್‌ಡಿ ಎಂದು ಹೆಸರು. ಇದಕ್ಕೆ ಹಲವು ಬಗೆಗಳಿವೆ. ಎರಡು ಬೇರೆ ಬೇರೆ ಬಗೆ ಸೇರಿದರೆ ಹೆಣ್ಣು, ಒಂದೇ ಇದ್ದರೆ ಗಂಡು. ಎಡವಟ್ಟಾಗುವುದು ಒಂದೇ ಬಗೆಯವೆರಡು ಒಟ್ಟಾದಾಗ. ಆಗ ಹುಟ್ಟುವುದು ಹೆಣ್ಣಿನಷ್ಟೇ ವರ್ಣತಂತುಗಳಿರುವ ಕೆಲಸಕ್ಕೆ ಬಾರದ ಗಂಡು; ಮೊಟ್ಟೆ ಒಡೆದ ಕೆಲವೇ ಗಂಟೆಗಳಲ್ಲಿ ದಾದಿ ನೊಣಗಳು ಅದನ್ನು ತಿಂದುಹಾಕುತ್ತವೆ. ಜೇನು ಸಾಕುವವರು ಇದನ್ನು ಜೀನಿನ ಹೆಸರಿಲ್ಲದೆಯೇ ನೋಡಿರುತ್ತಾರೆ. ರಾಣಿ ಎಳೆಯಳು, ಮೊಟ್ಟೆ ಧಾರಾಳ, ಸತ್ತ ಮರಿ ಒಂದೂ ಕಾಣದು, ಆದರೂ ಮೇಣದ ಮುಚ್ಚಳ ಬಿದ್ದ ಎರಿ (ಮರಿ ಬೆಳೆಯುವ ಕಣಗಳ ಮೇಣದ ಹಲಗೆ) ಜರಡಿಯಂತೆ ತೂತುತೂತು. ಬಿಟ್ಟುಹೋದ ಕಣಗಳಲ್ಲಿ ಬೇರೆ ಬೇರೆ ವಯಸ್ಸಿನ ಮೊಟ್ಟೆ, ಎಳೆಮರಿ. ಲೆಕ್ಕ ಸುಲಭ: ರಾಣಿ ಕೂಡಿದ ಹತ್ತು ಗಂಡುಗಳಲ್ಲಿ ಒಂದು ಮಾತ್ರ ಅವಳ ಬಗೆಯನ್ನೇ ಹೊತ್ತಿದ್ದರೆ ಹೆಣ್ಣುಮೊಟ್ಟೆಗಳಲ್ಲಿ ನೂರಕ್ಕೆ ಐದು ನಷ್ಟ, ಗಮನಕ್ಕೇ ಬರುವುದಿಲ್ಲ. ಅಂಥ ಒಂದೇ ಗಂಡಿನ ವೀರ್ಯದಿಂದ ತುಂಬಿದ್ದರೆ ನೂರಕ್ಕೆ ಐವತ್ತು ನಷ್ಟ, ಆ ಕುಟುಂಬ ಮೇಲೇಳುವುದಿಲ್ಲ. ಒಂದೇ ಮೂಲದ ನಾಲ್ಕೈದು ಪೆಟ್ಟಿಗೆಗಳನ್ನು ಪಾಲು ಮಾಡಿ ಮಾಡಿ ಇಪ್ಪತ್ತು ಮಾಡಿಕೊಂಡ ಕಡೆ, ಸುತ್ತಲೂ ಕಾಡುಜೇನು ಇಲ್ಲದಿದ್ದರೆ, ಈ ಜರಡಿ ಎರಿ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಪಾಕ ಕೊಟ್ಟರೆ ಸರಿಹೋಗದು. ದೂರದಿಂದ ಬೇರೆ ಮೂಲದ ಕುಟುಂಬ ತಂದು ಸೇರಿಸಬೇಕು.

ಮುಕ್ಕಾಲು ಪಾಲಿನ ಅಕ್ಕತಂಗಿಯರು

1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ಯುವಕ ಒಂದು ಸೂತ್ರ ಕೊಟ್ಟರು. ನೆರವು ಕೊಡುವವನಿಗೆ ಆಗುವ ನಷ್ಟಕ್ಕಿಂತ, ಪಡೆಯುವವನಿಗೆ ಆಗುವ ಲಾಭವನ್ನು ಇಬ್ಬರ ನಂಟಿನ ಪಾಲಿನಿಂದ ಗುಣಿಸಿದ ಮೊತ್ತ ಹೆಚ್ಚಾದರೆ, ಆ ನೆರವಿನ ಗುಣ ತಲೆಮಾರಿನಿಂದ ತಲೆಮಾರಿಗೆ ಹಬ್ಬುತ್ತದೆ. ಜೇನು, ಕಣಜ, ಇರುವೆಗಳಲ್ಲಿ ಅಪ್ಪನ ವೀರ್ಯವೆಲ್ಲ ಒಂದೇ ಅಚ್ಚಾದ್ದರಿಂದ ಒಂದೇ ಅಪ್ಪನ ಅಕ್ಕತಂಗಿಯರ ನಂಟು ಮುಕ್ಕಾಲು. ಸ್ವಂತ ಮಗಳೊಂದಿಗಿನ ನಂಟು ಅರ್ಧವೇ. ಹಾಗಾದರೆ ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದು ಲಾಭ! ಕೇಳಲು ಎಷ್ಟು ಚೆಂದ. ಶಾಲೆಯ ಪಾಠಗಳಲ್ಲಿ, ಜನಪ್ರಿಯ ಬರಹಗಳಲ್ಲಿ ಇವತ್ತಿಗೂ ಕಥೆ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು, ಏಕೆಂದರೆ ಲೆಕ್ಕ ಅರ್ಧಕ್ಕೇ ಬಿಟ್ಟಿದೆ. ತಮ್ಮನೊಂದಿಗಿನ ನಂಟು ಕಾಲು ಮಾತ್ರ. ತಂಗಿ ತಮ್ಮ ಸಮಸಮ ಬಂದರೆ ಸರಾಸರಿ ಮತ್ತೆ ಅರ್ಧಕ್ಕೇ ಬಂತು. ಅದಕ್ಕಿಂತ ದೊಡ್ಡ ಪೆಟ್ಟು, ಜೇನುರಾಣಿ ಒಂದೇ ಗಂಡನ್ನು ಕೂಡುವುದಿಲ್ಲ, ಹತ್ತು ಹದಿನೈದನ್ನು ಕೂಡುತ್ತಾಳೆ. ಹತ್ತು ಅಪ್ಪಂದಿರಾದರೆ ಅಕ್ಕತಂಗಿಯರ ಸರಾಸರಿ ನಂಟು 0.30ಕ್ಕೆ ಇಳಿಯುತ್ತದೆ. ಮುಕ್ಕಾಲಿನ ಕಥೆ ಎಲ್ಲಿಗೆ ಹೋಯಿತು?

ಇದಕ್ಕೆ ಬೆಂಗಳೂರಿನಲ್ಲೇ ಒಂದು ಉತ್ತರದ ತುಂಡು ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ದಶಕಗಳ ಕಾಲ ನೋಡಿದ್ದು ರೊಪಾಲಿಡಿಯಾ ಮಾರ್ಜಿನಾಟ ಎಂಬ ಕಣಜವನ್ನು. ಸಜ್ಜೆಯ ಕೆಳಗೆ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಬೂದು ಗೂಡು ಕಟ್ಟುವ, ನಾವು ಪೊರಕೆಯಿಂದ ಬಡಿದು ಬೀಳಿಸುವ ಅದೇ ಜಾತಿಯ ಕೀಟ. ಪ್ರತಿ ಕಣಜದ ಬೆನ್ನಿಗೂ ಬಣ್ಣದ ಚುಕ್ಕೆಗಳನ್ನಿಟ್ಟು ಯಾರು ಯಾರ ಮೇಲೆ ಏರಿ ಹೋದರು, ಯಾರು ಆಹಾರ ತಂದರು ಎಂದು ಗಂಟೆಗಟ್ಟಲೆ ಬರೆದುಕೊಂಡ ಕೆಲಸ ಅದು. ಅಲ್ಲಿಯೂ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆ ಎಂಬುದು 1980ರ ದಶಕದಲ್ಲೇ ಗೊತ್ತಾಯಿತು. ಅಕ್ಕತಂಗಿಯರ ನಂಟು ಮುಕ್ಕಾಲಲ್ಲ, ಅರ್ಧದ ಆಸುಪಾಸು. ಗೂಡಿಗೆ ರಾಣಿಗಳು ಒಬ್ಬರ ನಂತರ ಒಬ್ಬರು ಬದಲಾಗುವುದರಿಂದ ಅದು ಇನ್ನೂ ಕೆಳಗೆ. ಅಂದ ಮೇಲೆ ಹ್ಯಾಮಿಲ್ಟನ್ನರ ಸೂತ್ರದಲ್ಲಿ ಭಾರ ಬಿದ್ದಿರುವುದು ನಂಟಿನ ಮೇಲಲ್ಲ, ಲಾಭ ನಷ್ಟದ ಮೇಲೆ. ಒಂಟಿಯಾಗಿ ಗೂಡು ಕಟ್ಟಿದ ಹೆಣ್ಣು ಮರಿಗಳು ದೊಡ್ಡವಾಗುವ ಮೊದಲೇ ಸತ್ತರೆ ಎಲ್ಲ ಪೋಲು. ತುಂಬಿದ ಗೂಡಿನಲ್ಲಿ ಅರ್ಧ ಸಾಕಿ ಸತ್ತರೂ ಉಳಿದದ್ದನ್ನು ಇನ್ನೊಬ್ಬಳು ಸಾಕುತ್ತಾಳೆ. ಸೂತ್ರ ತಪ್ಪಲ್ಲ, ಅದರ ಒಂದು ಅಕ್ಷರವನ್ನೇ ಮೆರೆಸಿದ್ದು ತಪ್ಪು.

ನಂಟಿನ ಲೆಕ್ಕ ವ್ಯರ್ಥವೇನೂ ಆಗಲಿಲ್ಲ, ಬೇರೆ ಕಡೆ ಕೆಲಸಕ್ಕೆ ಬಂತು. ಕೆಲಸಗಾರ ನೊಣ ಕೂಡುವುದಿಲ್ಲವೇ ಹೊರತು ಅದಕ್ಕೆ ಅಂಡಾಶಯವಿದೆ, ವೀರ್ಯವಿಲ್ಲದ ಮೊಟ್ಟೆ ಇಟ್ಟು ಗಂಡುಮಗನನ್ನು ಪಡೆಯಬಲ್ಲದು. ಸ್ವಂತ ಮಗನೊಂದಿಗೆ ನಂಟು ಅರ್ಧ, ರಾಣಿಯ ಮಗ ಅಂದರೆ ತಮ್ಮನೊಂದಿಗೆ ಕಾಲು. ತಾನೇ ಇಡುವುದು ಲಾಭವಲ್ಲವೇ? ಹೌದು, ತನಗೆ. ಪಕ್ಕದ ನೊಣದ ದೃಷ್ಟಿಯಿಂದ ನೋಡಿ. ಹತ್ತು ಅಪ್ಪಂದಿರ ಮನೆಯಲ್ಲಿ ಅಕ್ಕನ ಮಗನೊಂದಿಗೆ ಅದರ ನಂಟು 0.15, ತಮ್ಮನೊಂದಿಗೆ 0.25. ಅಕ್ಕನ ಮೊಟ್ಟೆಯನ್ನು ತಿಂದು ರಾಣಿಯ ಮೊಟ್ಟೆಯನ್ನು ಉಳಿಸುವುದೇ ಅದಕ್ಕೆ ಲಾಭ. ಜೇನು ಸಂಶೋಧಕ ಫ್ರಾನ್ಸಿಸ್ ರಟ್ನಿಕ್ಸ್ 1988ರಲ್ಲಿ ಕಾಗದದ ಮೇಲೆ ಈ ಲೆಕ್ಕ ತೋರಿಸಿದರು, ಮರುವರ್ಷವೇ ವಿಷರ್ ಜತೆ ಸೇರಿ ಗೂಡಿನಲ್ಲಿ ತೋರಿಸಿದರು: ರಾಣಿಯ ಮೊಟ್ಟೆ, ಕೆಲಸಗಾರರ ಮೊಟ್ಟೆ ಎರಡನ್ನೂ ಗೂಡಿಗೆ ಕೊಟ್ಟಾಗ ಕೆಲಸಗಾರರ ಮೊಟ್ಟೆಗಳು ಬೇಗ ಬೇಗ ಮಾಯವಾದವು. ರಾಣಿ ಸತ್ತು, ಹೊಸ ರಾಣಿ ಎಬ್ಬಿಸಲು ಎಳೆಮರಿಯೂ ಇಲ್ಲದಾದಾಗ ಈ ಕಾವಲು ಸಡಿಲವಾಗುತ್ತದೆ. ಆಗ ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಅವೂ ತಳದಲ್ಲಲ್ಲ, ಗೋಡೆಗೆ ಅಂಟಿಕೊಂಡು. ಕೆಲಸಗಾರ ನೊಣದ ಹೊಟ್ಟೆ ಗಿಡ್ಡ, ತಳ ಮುಟ್ಟುವುದಿಲ್ಲ. ಆ ಎರಿಯಿಂದ ಹೊರಬರುವುದೆಲ್ಲ ಗಂಡು. ಅಲ್ಲಿಗೆ ಕುಟುಂಬ ಮುಗಿಯಿತೆಂದೇ ಲೆಕ್ಕ.

29 ಪೆಟ್ಟಿಗೆಗಳು

ಜೀನು ಮತ್ತು ನಡವಳಿಕೆಯ ನಡುವಿನ ದಾರಿಯನ್ನು ಕಣ್ಣಾರೆ ತೋರಿಸಿದ ಪ್ರಯೋಗ ಕೂಡ 1964ರದ್ದೇ. ಮಾಡಿದವರು ಅಮೆರಿಕದ ವಾಲ್ಟರ್ ರೋಥೆನ್‌ಬುಲರ್. ಆಗ ಅಲ್ಲಿನ ಜೇನುಸಾಕಣೆಯ ದೊಡ್ಡ ಶಾಪ ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗ. ಮರಿ ಮುಚ್ಚಿದ ಕಣದೊಳಗೇ ಕೊಳೆತು ಕಂದು ಅಂಟಾಗುತ್ತದೆ. ಬೆಂಕಿಕಡ್ಡಿ ಅದ್ದಿ ಎಳೆದರೆ ದಾರದಂತೆ ಬರುತ್ತದೆ. ಒಣಗಿದ ಮೇಲೆ ಉಳಿಯುವ ರೋಗಬೀಜ ದಶಕಗಳ ಕಾಲ ಸಾಯುವುದಿಲ್ಲ. ಬ್ರೌನ್ ಎಂಬ ತಳಿಯ ನೊಣಗಳು ಸತ್ತ ಮರಿಯ ಮುಚ್ಚಳ ಕಿತ್ತು, ಮರಿಯನ್ನು ಎಳೆದು ಹೊರಗೆ ಹಾಕುತ್ತಿದ್ದವು. ವ್ಯಾನ್ ಸ್ಕಾಯ್ ಎಂಬ ತಳಿ ಕೊಳೆತದ್ದನ್ನು ಹಾಗೆಯೇ ಬಿಡುತ್ತಿತ್ತು. ಎರಡನ್ನೂ ಕೂಡಿಸಿದಾಗ ಹುಟ್ಟಿದ ಮಿಶ್ರ ಕುಟುಂಬಗಳೂ ಸ್ವಚ್ಛ ಮಾಡಲಿಲ್ಲ. ಅಂದರೆ ಸ್ವಚ್ಛತೆಯ ಗುಣ ಎರಡೂ ಕಡೆಯಿಂದ ಬಂದರೆ ಮಾತ್ರ ತೋರುವಂಥದ್ದು.

ಮುಂದಿನ ಹೆಜ್ಜೆಯ ಜಾಣತನಕ್ಕೆ ತಲೆದೂಗಬೇಕು. ಮಿಶ್ರ ರಾಣಿಯ ಗಂಡುಮಕ್ಕಳನ್ನು ತೆಗೆದುಕೊಂಡು, ಒಂದೊಂದು ಬ್ರೌನ್ ರಾಣಿಗೆ ಒಂದೊಂದೇ ಗಂಡಿನ ವೀರ್ಯವನ್ನು ಕೃತಕವಾಗಿ ತುಂಬಿದರು. ಗಂಡಿನ ವೀರ್ಯವೆಲ್ಲ ಒಂದೇ ಅಚ್ಚು ಎಂದೆವಲ್ಲ, ಬ್ರೌನ್ ರಾಣಿಗಳೂ ಒಳಸಂತಾನದಿಂದ ಬಹುತೇಕ ಒಂದೇ ಅಚ್ಚು. ಹಾಗಾಗಿ ಪ್ರತಿ ಪೆಟ್ಟಿಗೆಯ ಸಾವಿರಾರು ನೊಣಗಳು ಸ್ವಚ್ಛತೆಯ ವಿಷಯದಲ್ಲಿ ಒಂದೇ ನೊಣದ ನಕಲುಗಳಿದ್ದಂತೆ. ಬಟಾಣಿ ಗಿಡದಲ್ಲಿ ಒಂದೊಂದೇ ಕಾಳು ಎಣಿಸಿದ ಹಾಗೆ ಇಲ್ಲಿ ಒಂದೊಂದೇ ಪೆಟ್ಟಿಗೆ ಎಣಿಸಬಹುದು. (ಬಟಾಣಿಯ ಮೆಂಡೆಲ್ ಕೂಡ ಬ್ರನೋದ ಮಠದಲ್ಲಿ ಜೇನು ಸಾಕುತ್ತಿದ್ದರು. ರಾಣಿ ಆಕಾಶದಲ್ಲೇ ಕೂಡುವುದರಿಂದ ಯಾರನ್ನು ಯಾರಿಗೆ ಕೂಡಿಸುವುದೆಂಬುದು ಅವರ ಕೈಗೆ ಸಿಗಲಿಲ್ಲ.)

ಇಂಥ 29 ಪೆಟ್ಟಿಗೆಗಳಾದವು. ರೋಗದಿಂದ ಸತ್ತ ಮರಿಗಳ ಎರಿ ಕೊಟ್ಟು ನೋಡಿದಾಗ 6 ಪೆಟ್ಟಿಗೆಗಳು ಮುಚ್ಚಳ ಕಿತ್ತು ಮರಿಯನ್ನೂ ಹೊರಹಾಕಿದವು. 9 ಪೆಟ್ಟಿಗೆಗಳಲ್ಲಿ ವಿಚಿತ್ರ ನೋಟ: ಮುಚ್ಚಳ ಕಿತ್ತವು, ಒಳಗಿನ ಹೆಣವನ್ನು ಹಾಗೇ ಬಿಟ್ಟವು. ಬಾಗಿಲು ಒಡೆದು ಒಳಗೆ ಇಣುಕಿ ಸುಮ್ಮನೆ ಹೋದಂತೆ. ಉಳಿದ 14 ಮುಚ್ಚಳವನ್ನೇ ಮುಟ್ಟಲಿಲ್ಲ. ಬೇರೆ ಯಾರಾದರೂ ಇಲ್ಲಿ ಲೆಕ್ಕ ಮುಗಿಸುತ್ತಿದ್ದರೇನೋ. ರೋಥೆನ್‌ಬುಲರ್ ಆ 14 ಪೆಟ್ಟಿಗೆಗಳ ಮುಚ್ಚಳಗಳನ್ನು ತಾವೇ ತೆಗೆದು ಕಾದರು. 6 ಪೆಟ್ಟಿಗೆಗಳ ನೊಣಗಳು ತಕರಾರಿಲ್ಲದೆ ಹೆಣಗಳನ್ನು ಎಳೆದು ಹಾಕಿದವು! ಅವುಗಳಿಗೆ ಎತ್ತಿಹಾಕುವುದು ಬರುತ್ತಿತ್ತು, ಮುಚ್ಚಳ ತೆಗೆಯುವುದು ಬರುತ್ತಿರಲಿಲ್ಲ. ಉಳಿದ 8 ಕೊನೆಗೂ ಏನೂ ಮಾಡಲಿಲ್ಲ. ಆರು, ಒಂಬತ್ತು, ಆರು, ಎಂಟು. ಎರಡು ಜೀನುಗಳು ಬೇರೆ ಬೇರೆಯಾಗಿ ಹಂಚಿಹೋದರೆ ಬರಬೇಕಾದ ನಾಲ್ಕು ಸಮಪಾಲಿಗೆ ಇದು ತೀರ ಹತ್ತಿರ. ಇನ್ನೊಂದು ಮಾತು: ಬ್ರೌನ್ ತಳಿ ಬಲು ಕುಟುಕುವ ತಳಿ, ವ್ಯಾನ್ ಸ್ಕಾಯ್ ಸಾಧು. ಸ್ವಚ್ಛತೆಗೂ ಸಿಟ್ಟಿಗೂ ಗಂಟಿದೆ ಎಂದು ಯಾರಾದರೂ ನಂಬಿದ್ದರೆ ಅದೂ ಬಿಚ್ಚಿಕೊಂಡಿತು. ಈ 29ರಲ್ಲಿ ಎರಡು ಗುಣಗಳೂ ತಮ್ಮ ತಮ್ಮ ದಾರಿ ಹಿಡಿದವು.

ಮುಚ್ಚಳ ತೆಗೆಯುವ ಜೀನು, ಹೆಣ ಎತ್ತುವ ಜೀನು ಎಂದು ಮುಂದೆ ಎಲ್ಲರೂ ಉರುಹೊಡೆದರು. ಮಾತು ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ವರ್ಣತಂತುಗಳ ಮೇಲೆ ಗುರುತುಗಳನ್ನಿಟ್ಟು ಹುಡುಕಿದಾಗ ಎರಡಲ್ಲ, ಏಳು ಕಡೆ ಸುಳಿವು ಸಿಕ್ಕಿತು, ಒಂದೊಂದರ ಪ್ರಭಾವವೂ ಸಣ್ಣದು. ರೋಥೆನ್‌ಬುಲರ್ ಎಣಿಸಿದ್ದು ಸುಳ್ಳಾಯಿತು ಎಂದಲ್ಲ. ಹಲವು ಸಣ್ಣ ಭಾರಗಳು ಸೇರಿ ತಕ್ಕಡಿ ಒಂದು ಮಟ್ಟ ದಾಟಿದಾಗ ಮಾತ್ರ ಕೆಲಸ ಶುರುವಾಗುವುದಾದರೆ, ಹೊರಗಿನಿಂದ ನೋಡುವವರಿಗೆ ಅದು "ಮಾಡುತ್ತದೆ, ಮಾಡುವುದಿಲ್ಲ" ಎಂದೇ ಕಾಣುತ್ತದೆ.

ಮೂಗಿನ ಮಟ್ಟ

ಆ ತಕ್ಕಡಿ ಇರುವುದು ನೊಣ ವಾಸನೆ ಹಿಡಿಯುವ ಕುಡಿಮೀಸೆಯಲ್ಲಿ. ಸ್ವಚ್ಛ ಮಾಡುವ ತಳಿಯ ನೊಣಕ್ಕೆ ಸತ್ತ ಮರಿಯ ವಾಸನೆ ತೀರ ತೆಳುವಾಗಿದ್ದಾಗಲೇ ತಿಳಿಯುತ್ತದೆ, ಮಾಡದ ತಳಿಗೆ ಅದೇ ವಾಸನೆ ದಟ್ಟವಾಗಬೇಕು. ಮಿನ್ನೆಸೋಟಾದ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರ ಕೆಲಸದಿಂದ ಇದು ಖಚಿತವಾಯಿತು. ಜೀನು "ಮುಚ್ಚಳ ತೆಗೆ" ಎಂದು ಯಾರ ಕಿವಿಯಲ್ಲೂ ಹೇಳುವುದಿಲ್ಲ. ವಾಸನೆ ಹಿಡಿಯುವ ಪ್ರೋಟೀನು, ನರಗಳ ಚುರುಕು ಇಂಥವುಗಳಲ್ಲಿ ಕೂದಲೆಳೆಯ ವ್ಯತ್ಯಾಸ ಮಾಡುತ್ತದೆ, ಅಷ್ಟೆ. ಆದರೆ ಸಮಯದ ಲೆಕ್ಕ ನೋಡಿ. ಫೌಲ್‌ಬ್ರೂಡಿನಲ್ಲಿ ಮರಿ ಸತ್ತ ಹೊಸತರಲ್ಲಿ ಎತ್ತಿಹಾಕಿದರೆ ರೋಗಬೀಜ ಇನ್ನೂ ಕಟ್ಟಿರುವುದಿಲ್ಲ, ಗೂಡು ಉಳಿಯಿತು. ತಡವಾಗಿ, ಅಂಟಾದ ಮೇಲೆ ಎತ್ತಲು ಹೋದರೆ ಅದೇ ನೊಣದ ಬಾಯಿಯಿಂದ ರೋಗಬೀಜ ಮನೆಯೆಲ್ಲ ಹರಡುತ್ತದೆ. ಒಂದೇ ಕೆಲಸ, ಎರಡು ದಿನ ಮೊದಲು ಔಷಧಿ, ಎರಡು ದಿನ ನಂತರ ವಿಷ.

ಈ ಗುಣವನ್ನು ಅಳೆಯಲು ದುಬಾರಿ ಯಂತ್ರ ಬೇಡ. ಮುಚ್ಚಿದ ಎರಿಯಲ್ಲಿ ಕಣ್ಣು ಗುಲಾಬಿಗೆ ತಿರುಗಿದ ಪ್ಯೂಪಾ (ಮರಿ ನೊಣವಾಗುವ ಮುಂಚಿನ ಘಟ್ಟ) ಇರುವ ಜಾಗ ಹುಡುಕಿ, ಕೀಟ ಸಂಗ್ರಹಕ್ಕೆ ಬಳಸುವ ತೆಳ್ಳಗಿನ ಸೂಜಿಯಿಂದ 50ರಿಂದ 100 ಕಣಗಳನ್ನು ಮುಚ್ಚಳದ ಮೂಲಕ ತಳದವರೆಗೆ ಚುಚ್ಚಬೇಕು. ಪಕ್ಕದಲ್ಲಿ ಅಷ್ಟೇ ಕಣಗಳನ್ನು ಚುಚ್ಚದೆ ಗುರುತು ಮಾಡಿಡಬೇಕು. ಮೊದಲೇ ಖಾಲಿಯಿದ್ದ ಕಣಗಳನ್ನು ಎಣಿಸಿ ಬರೆದುಕೊಂಡು, 24 ಗಂಟೆಯ ನಂತರ ಪೂರ್ತಿ ಬರಿದಾದ ಕಣಗಳನ್ನು ಮಾತ್ರ ಎಣಿಸಬೇಕು. ಸೂಜಿಯ ತೊಂದರೆ ಏನೆಂದರೆ ಗಾಯದಿಂದ ಸೋರುವ ರಸದ ವಾಸನೆಗೆ ಸೋಮಾರಿ ಕುಟುಂಬವೂ ಎದ್ದು ಬರುತ್ತದೆ; 48 ಗಂಟೆ ಬಿಟ್ಟು ನೋಡಿದರೆ ಎಲ್ಲ ಪೆಟ್ಟಿಗೆಯೂ ಜಾಣವೇ. ಅದಕ್ಕೇ ಸಂಶೋಧಕರು ದ್ರವ ಸಾರಜನಕ ಬಳಸುತ್ತಾರೆ. 3 ಇಂಚು ಅಗಲದ ಕೊಳವೆಯನ್ನು ಎರಿಗೆ ಒತ್ತಿ, ಮೊದಲು ಸ್ವಲ್ಪ ಸುರಿದು ಅಂಚು ಹೆಪ್ಪುಗಟ್ಟಿದ ಮೇಲೆ ಉಳಿದದ್ದನ್ನು, ಒಟ್ಟು ಸುಮಾರು 300 ಮಿಲೀ. ಯುರೋಪ್ ಮೂಲದ ಸಾಕುಜೇನು ಮೆಲ್ಲಿಫೆರಾದಲ್ಲಿ ಆ ವೃತ್ತಕ್ಕೆ ಸುಮಾರು 160 ಕಣ ಬರುತ್ತವೆ. ಬೇರೆ ಬೇರೆ ದಿನ ಮಾಡಿದ ಎರಡು ಪರೀಕ್ಷೆಯಲ್ಲೂ 24 ಗಂಟೆಯೊಳಗೆ ನೂರಕ್ಕೆ 95 ಬರಿದಾದರೆ ಅದು ಸ್ವಚ್ಛ ಕುಟುಂಬ. ಹೂವಿನ ಸುಗ್ಗಿಯಲ್ಲಿ ಅಂಕ ತಾನಾಗಿ ಏರುವುದರಿಂದ ಒಂದೇ ಸಲದ ಫಲಿತಾಂಶ ನಂಬುವಂತಿಲ್ಲ.

ಇದರಲ್ಲಿ ಪದೇ ಪದೇ ಆಗುವ ತಪ್ಪು ಬೇರೆಯೇ ಇದೆ. ಹೊಸ ರಾಣಿ ತಂದು ಬಿಟ್ಟು, ಎರಡೇ ವಾರದಲ್ಲಿ ಪರೀಕ್ಷೆ ಮಾಡಿ "ಇದೇನೂ ಪ್ರಯೋಜನವಿಲ್ಲ" ಎನ್ನುವುದು. ಆಗ ಪೆಟ್ಟಿಗೆಯಲ್ಲಿ ಓಡಾಡುತ್ತಿರುವುದು ಹಳೆಯ ರಾಣಿಯ ಮಕ್ಕಳು. ಮೆಲ್ಲಿಫೆರಾದಲ್ಲಿ ಮೊಟ್ಟೆ ನೊಣವಾಗಲು 21 ದಿನ, ಸ್ವಚ್ಛತೆಯ ಕೆಲಸಕ್ಕೆ ಇಳಿಯುವುದು ಹುಟ್ಟಿ ಎರಡು ವಾರ ಕಳೆದ ಮೇಲೆ. ಕನಿಷ್ಠ ಆರೇಳು ವಾರ ಕಾಯದೆ ಹೊಸ ರಾಣಿಯ ಜೀನುಗಳ ಬಗ್ಗೆ ಏನೂ ಹೇಳಲಾಗದು.

ಹತ್ತು ಅಪ್ಪಂದಿರ ಮನೆ

ಹಾಗಾದರೆ ಇಡೀ ಪೆಟ್ಟಿಗೆಯಲ್ಲಿ ಚುರುಕು ಮೂಗಿನವೇ ತುಂಬಿದರೆ ಒಳ್ಳೆಯದಲ್ಲವೇ? ನಿಸರ್ಗ ಹಾಗೆ ಮಾಡಿಲ್ಲ. ಮರಿಗಳಿರುವ ಸಂಸಾರ ಕೋಣೆಯ ಬಿಸಿ 35 ಡಿಗ್ರಿಯ ಹತ್ತಿರ ಇರಬೇಕು, ಏರಿದರೆ ನೊಣಗಳು ರೆಕ್ಕೆ ಬೀಸುತ್ತವೆ. ಎಲ್ಲ ನೊಣಗಳೂ ಒಂದೇ ಅಪ್ಪನ ಮಕ್ಕಳಾಗಿ ಎಲ್ಲಕ್ಕೂ ಒಂದೇ ಮಟ್ಟದಲ್ಲಿ ಸೆಕೆಯಾದರೆ, ಎಲ್ಲವೂ ಒಟ್ಟಿಗೆ ಬೀಸಲು ಶುರುಮಾಡಿ ಗೂಡು ತಣ್ಣಗಾಗಿ, ಎಲ್ಲವೂ ಒಟ್ಟಿಗೆ ನಿಲ್ಲಿಸಿ ಮತ್ತೆ ಬಿಸಿಯಾಗುತ್ತದೆ. ಹತ್ತು ಅಪ್ಪಂದಿರ ಮಕ್ಕಳಿದ್ದರೆ ಒಬ್ಬರಿಗೆ ಬೇಗ, ಒಬ್ಬರಿಗೆ ತಡ; ಬೀಸುವಿಕೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಅಳೆದು ನೋಡಿ 2004ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ: ಹಲವು ಅಪ್ಪಂದಿರ ಗೂಡಿನ ಬಿಸಿ ಹೆಚ್ಚು ಸ್ಥಿರ. ಕಾವಲು ಕಾಯುವವು, ಹೆಣ ಹೊರುವವು ಕೂಡ ಕೆಲವೇ ಅಪ್ಪಂದಿರ ಮಕ್ಕಳಲ್ಲಿ ಹೆಚ್ಚು ಎಂದು ರಾಬಿನ್ಸನ್ ಮತ್ತು ಪೇಜ್ 1988ರಲ್ಲೇ ತೋರಿಸಿದ್ದರು. ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ಮಟಿಲಾ ಮತ್ತು ಸೀಲಿ 15 ಗಂಡುಗಳ ವೀರ್ಯದ ರಾಣಿಗಳನ್ನೂ ಒಂದೇ ಗಂಡಿನ ವೀರ್ಯದ ರಾಣಿಗಳನ್ನೂ ಇಟ್ಟು ಹಿಂಡುಗಳನ್ನು ಬಿಟ್ಟಾಗ, ಮೊದಲಿನವು ಬೇಗ ಎರಿ ಕಟ್ಟಿ ಹೆಚ್ಚು ಆಹಾರ ಕೂಡಿಟ್ಟವು. ಒಂದೇ ಗಂಡಿನವು ಚಳಿಗಾಲ ದಾಟಿ ಬದುಕಲಿಲ್ಲ. ಅಕ್ಕತಂಗಿಯರ ನಂಟು ಮುಕ್ಕಾಲಿನಿಂದ 0.30ಕ್ಕೆ ಇಳಿದದ್ದಕ್ಕೆ ಸಿಕ್ಕಿದ ಬೆಲೆ ಇದು.

ಒಂದೇ ನೊಣದೊಳಗೂ ಮಟ್ಟ ಒಂದೇ ಆಗಿರುವುದಿಲ್ಲ. ಮೊದಲ ಎರಡು ಮೂರು ವಾರ ಮನೆಯೊಳಗಿನ ಕೆಲಸ, ಆಮೇಲೆ ಹೊರಗೆ ಮೇವು. ಹಣ್ಣುನೊಣದ ಮರಿಗಳಲ್ಲಿ ಅಲೆಮಾರಿಗಳು, ಕೂತಲ್ಲೇ ಕೂತು ತಿನ್ನುವವು ಎಂಬ ಎರಡು ಬಗೆಗಳನ್ನು ಬೇರ್ಪಡಿಸುವ ಒಂದು ಜೀನಿದೆ, ಫೊರೇಜಿಂಗ್ ಎಂದೇ ಅದರ ಹೆಸರು. ಅದರ ಜೇನಿನ ರೂಪ ಹೊರಗೆ ದುಡಿಯುವ ನೊಣದ ಮಿದುಳಿನಲ್ಲಿ ಜೋರಾಗಿ ಕೆಲಸ ಮಾಡುತ್ತಿರುತ್ತದೆ, ದಾದಿಯ ಮಿದುಳಿನಲ್ಲಿ ಮೆಲ್ಲಗೆ ಎಂದು 2002ರಲ್ಲಿ ತಿಳಿಯಿತು. ಗೂಡಿನಲ್ಲಿ ಹಿರಿಯ ನೊಣಗಳು ಕಡಿಮೆಯಾದಾಗ ಎಳೆಯವು ಅವಧಿಗೆ ಮೊದಲೇ ಹೊರಗೆ ಹೊರಡುತ್ತವೆ, ಅವುಗಳಲ್ಲೂ ಆ ಜೀನು ಮೊದಲೇ ಏರಿರುತ್ತದೆ. ಹಣ್ಣುನೊಣದಲ್ಲಿ ಇಬ್ಬರ ನಡುವಿನ ವ್ಯತ್ಯಾಸವಾಗಿದ್ದದ್ದು ಜೇನಿನಲ್ಲಿ ಒಬ್ಬಳ ಆಯಸ್ಸಿನ ಎರಡು ಘಟ್ಟ. ಹುಟ್ಟಿನಿಂದ ಬಂದದ್ದೋ ಪರಿಸರದಿಂದ ಬಂದದ್ದೋ ಎಂದು ಇಲ್ಲಿ ಜಗಳ ಕಾಯುವವರಿಗೆ ಎರಡೂ ಕಡೆಯ ಸಾಕ್ಷಿಯಾಗಿ ಅದೇ ಜೀನು ಬಂದು ನಿಲ್ಲುತ್ತದೆ.

ಚೀಲವಾದ ಮರಿಗಳು

1991–92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಜೇನಿಗೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಟಿ ಜೇನು) ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಡಿಯಿತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಜೇನು ಸಾಕಿದ ಹಳಬರು ಆ ಕಾಲವನ್ನು ಮರೆತಿಲ್ಲ, ಸಾಲುಸಾಲು ಪೆಟ್ಟಿಗೆಗಳು ಖಾಲಿಯಾದವು. ಪ್ಯೂಪಾ ಆಗುವ ಹೊಸ್ತಿಲಲ್ಲಿ ಮರಿ ಸಾಯುತ್ತದೆ. ತಲೆ ಮೇಲೆ ಮಾಡಿ ನೇರ ಚಾಚಿಕೊಂಡ ಮರಿಯನ್ನು ಚಿಮಟದಲ್ಲಿ ಎತ್ತಿದರೆ ಚರ್ಮದೊಳಗೆ ನೀರು ತುಂಬಿದ ಚೀಲ. ಒಣಗಿದರೆ ದೋಣಿಯಾಕಾರದ ಕಂದು ಹೊಪ್ಪಳೆ. ವೈರಸ್ಸಿಗೆ ಔಷಧವಿಲ್ಲ. ರಾಣಿಯನ್ನು ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ಕೆಲವು ವಾರ ಮರಿಯಿಲ್ಲದ ಗೂಡು ಮಾಡಿ, ಇರುವ ನೊಣಗಳು ಕಣ ತೊಳೆದುಕೊಳ್ಳಲು ಬಿಡುವುದೊಂದೇ ಉಪಾಯ.

ಉಳಿದದ್ದು ಪೊಟರೆಗಳಲ್ಲಿ, ಹುತ್ತಗಳಲ್ಲಿ, ಕಲ್ಲು ಸಂದಿಗಳಲ್ಲಿ ಅಲ್ಲಲ್ಲಿ ಬದುಕಿದ ಕುಟುಂಬಗಳು. ನಂತರದ ವರ್ಷಗಳಲ್ಲಿ ತುಡುವೆ ಮತ್ತೆ ಚೇತರಿಸಿಕೊಂಡದ್ದು ಅಂಥವುಗಳಿಂದ. ಬದುಕಿದ್ದೆಲ್ಲ ಚುರುಕು ಮೂಗಿನದ್ದೇ ಎಂದು ಹೇಳುವುದು ಅವಸರವಾಗುತ್ತದೆ, ಒಂಟಿಯಾಗಿದ್ದು ಸೋಂಕು ತಗುಲದ ಅದೃಷ್ಟವಂತರೂ ಇರುತ್ತಾರೆ. ಆದರೆ ರೋಗ ಮತ್ತೆ ಮತ್ತೆ ಬಂದುಹೋಗುವ ಕಡೆ, ಸತತ ಮೂರು ನಾಲ್ಕು ಮಳೆಗಾಲ ದಾಟಿದ ಪೆಟ್ಟಿಗೆಯಿಂದ ಪಾಲು ಮಾಡಿಕೊಳ್ಳುವವರು ಡಾರ್ವಿನ್ನರ ತರಕಾರಿ ತೋಟದವನ ಕೆಲಸವನ್ನೇ ಮಾಡುತ್ತಿದ್ದಾರೆ. ಬಹಳ ಮಂದಿ ಮಾಡುವುದು ಇದರ ತಿರುಗುಮುರುಗು: ಹೆಚ್ಚು ಜೇನು ಕೊಟ್ಟ ಪೆಟ್ಟಿಗೆಯನ್ನು ಹಾಗೇ ಇಟ್ಟುಕೊಂಡು, ರೋಗ ಬಂದು ಸೊರಗಿದ್ದನ್ನು ಒಡೆದು ಪಾಲು ಮಾಡಿ ಮಾರುತ್ತಾರೆ. ರಾಣಿಯನ್ನು ಆರಿಸಿದರೂ ಅರ್ಧ ಕೆಲಸವಷ್ಟೇ ಆಗುತ್ತದೆ. ಸ್ವಚ್ಛತೆ ಎರಡೂ ಕಡೆಯಿಂದ ಬಂದರೆ ತೋರುವ ಗುಣ, ಅವಳು ಕೂಡುವುದು ಊರಿನ ಯಾವ ಯಾವ ಗಂಡುಗಳನ್ನೋ. ಒಳ್ಳೆಯ ಪೆಟ್ಟಿಗೆಗಳಲ್ಲಿ ಗಂಡಿನ ಎರಿಯನ್ನು ಕತ್ತರಿಸಿ ಎಸೆಯದೆ ಬೆಳೆಯಲು ಬಿಡಬೇಕು, ಸೊರಗಿದವುಗಳಲ್ಲಿ ಕತ್ತರಿಸಬೇಕು. ಇದನ್ನು ಒಬ್ಬರು ಮಾಡಿದರೆ ಸಾಲದು, ಸುತ್ತಲಿನವರೂ ಮಾಡಬೇಕು.

ಗಂಡಿನ ಎರಿಯ ಮಾತು ಬಂದದ್ದರಿಂದ ಒಂದು ಸಂಗತಿ. ಜಗತ್ತಿನ ಮೆಲ್ಲಿಫೆರಾ ಪೆಟ್ಟಿಗೆಗಳನ್ನು ಹಾಳುಗೆಡವಿದ ವರೋವಾ ನುಸಿ ಮೂಲತಃ ನಮ್ಮ ಏಷ್ಯಾದ ತುಡುವೆ ಜಾತಿಯ ಜೇನಿನದ್ದು. ಹಳೆಯ ಮನೆಯಲ್ಲಿ ಅದು ಅಷ್ಟು ಹಾವಳಿ ಮಾಡುವುದಿಲ್ಲ, ಏಕೆಂದರೆ ಹೆಣ್ಣುಮರಿಯ ಕಣದಲ್ಲಿ ಅದರ ಸಂತಾನ ಬೆಳೆಯುವುದಿಲ್ಲ. ನುಸಿ ಹೊಕ್ಕ ಎಳೆಹೆಣ್ಣು ಬೇಗ ಸಾಯುತ್ತದೆ, ಸತ್ತದ್ದು ಮೂಗಿಗೆ ಬೀಳುತ್ತದೆ, ನೊಣಗಳು ನುಸಿಯ ಸಮೇತ ಎಳೆದು ಹಾಕುತ್ತವೆ. ನುಸಿಗೆ ಉಳಿದಿರುವುದು ವರ್ಷದ ಕೆಲವೇ ತಿಂಗಳು ಇರುವ ಗಂಡಿನ ಕಣಗಳು. ಅಲ್ಲಿ ಅದೇ ಸ್ವಚ್ಛ ನೊಣಗಳ ನಡವಳಿಕೆ ತಲೆಕೆಳಗು. ತುಡುವೆಯ ಗಂಡಿನ ಕಣಕ್ಕೆ ಗಟ್ಟಿಯಾದ ಶಂಕುವಿನಾಕಾರದ ಮುಚ್ಚಳ, ನಡುವೆ ಸೂಜಿ ಚುಚ್ಚಿದಂಥ ಒಂದು ತೂತು. ಆರೋಗ್ಯವಾಗಿರುವ ಗಂಡು ಅದನ್ನು ಒಳಗಿನಿಂದ ತಳ್ಳಿ ಹೊರಬರುತ್ತದೆ. ಹಲವು ನುಸಿಗಳು ರಸ ಹೀರಿ ಸೊರಗಿಸಿದ ಗಂಡಿಗೆ ಆ ಶಕ್ತಿ ಇರುವುದಿಲ್ಲ, ಹೊರಗಿನವರು ತೆರೆದು ಕೊಡುವುದೂ ಇಲ್ಲ. ಗಂಡುಗಳ ಕಾಲ ಮುಗಿದು ಬಹಳ ದಿನವಾದ ಮೇಲೂ ಎರಿಯ ಅಂಚಿನಲ್ಲಿ ಹಾಗೇ ಉಳಿದ ಮೊನಚು ಮುಚ್ಚಳವನ್ನು ಚಾಕುವಿನ ತುದಿಯಿಂದ ಎಬ್ಬಿಸಿ ನೋಡಿದರೆ ಒಳಗೆ ಒಣಗಿದ ಒಂದು ಗಂಡು, ಅದರ ಪಕ್ಕೆಯಲ್ಲಿ ಸಾಸಿವೆ ಹೊಟ್ಟಿನ ಹಾಗೆ ಅಂಟಿಕೊಂಡ ನುಸಿಗಳು.